ಟಾರ್ಚ್ ಮತ್ತು ಸ್ಪ್ರೇಯರ್ ಬ್ಯಾಟರಿ: ರೈತರು ತಿಳಿದಿರಬೇಕಾದ ಎಚ್ಚರಿಕೆಗಳು



ನಮ್ಮ ತಾಳವಾಡಿ ಸೀಮೆಯ ಹಿರಿಯರ ಮಾತಿನಲ್ಲಿ ಬ್ಯಾಟರಿ ಎಂದರೆ ಟಾರ್ಚು. ಅದರೊಳಗೆ ಹಾಕುವುದು ಸೆಲ್ಲು. ಒಂದೂವರೆ ವೋಲ್ಟಿನ ಮೂರು ಸೆಲ್ಲು ತುಂಬಿದ ಉದ್ದನೆಯ ಟಾರ್ಚು ಹಿಡಿದು ರಾಗಿ ಹೊಲ ಕಾಯುತ್ತಿದ್ದ ಕಾಲದಲ್ಲಿ, ಆ ಸೆಲ್ಲು ಮಾಡಬಹುದಾಗಿದ್ದ ಕೆಡುಕೆಂದರೆ ಹಳತಾದಾಗ ಸೋರಿ ಟಾರ್ಚನ್ನು ಹಾಳುಮಾಡುವುದು, ಇಲ್ಲವೇ ಆನೆ ಎದುರಿಗೆ ನಿಂತ ಹೊತ್ತಿನಲ್ಲೇ ಕೈಕೊಡುವುದು. ಬೆಳಕು ಮಂಕಾದರೆ ಸೆಲ್ಲನ್ನು ಬಿಸಿಲಿಗೆ ಇಟ್ಟು ಇನ್ನೆರಡು ರಾತ್ರಿ ಉರಿಸುತ್ತಿದ್ದರು. ಒಂದು ಸೆಲ್ಲು ಮಾತ್ರ ಹೊಸದು ಹಾಕಿ, ಹಳೆಯ ಎರಡನ್ನು ಉಳಿಸಿಕೊಳ್ಳುವುದೂ ಮನೆಮನೆಯಲ್ಲಿ ನಡೆಯುತ್ತಿದ್ದ ಉಳಿತಾಯ.

ಈಗ ಟಾರ್ಚಿನೊಳಗಿರುವ ಸೆಲ್ಲು ಬೇರೆ ಜಾತಿಯದು. ನಮ್ಮ ಅಭ್ಯಾಸಗಳು ಮಾತ್ರ ಹಳೆಯವೇ. ಬಿಸಿಲಿಗೆ ಇಡುವುದು, ಹಳತು ಹೊಸತು ಬೆರೆಸುವುದು, ಬಿಡಿ ಸೆಲ್ಲನ್ನು ಜೇಬಿಗೆ ಹಾಕಿಕೊಳ್ಳುವುದು, ಈ ಮೂರೂ ಲಿಥಿಯಂ ಸೆಲ್ಲಿನ ವಿಷಯದಲ್ಲಿ ಬೆಂಕಿಗೆ ದಾರಿ. ಆದ್ದರಿಂದ ಈ ಸಂಚಿಕೆಯಲ್ಲಿ ಬೆಳೆಯ ರೋಗ, ದನದ ರೋಗಗಳನ್ನು ಬದಿಗಿಟ್ಟು ಬ್ಯಾಟರಿಯ ಬಗ್ಗೆ ಬರೆಯಲಾಗಿದೆ.

ಪಣಕಹಳ್ಳಿ ಮತ್ತು ಸುತ್ತಲಿನ ಊರುಗಳಿಗೆ ಇದು ದೂರದ ವಿಷಯವಲ್ಲ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡು ನಮ್ಮ ಸೀಮೆಯ ಹೊಲಗಳಿಗೆ ತಾಗಿಕೊಂಡೇ ಇದೆ. ಕರುಪ್ಪನ್ ಎಂದು ಹೆಸರಾಗಿದ್ದ ಆನೆಯನ್ನು 2023ರ ಏಪ್ರಿಲ್‌ನಲ್ಲಿ ಹಿಡಿದು ಬೇರೆ ಕಾಡಿಗೆ ಸಾಗಿಸಿದರು ನಿಜ. ಆದರೆ ಆನೆ ಅದೊಂದೇ ಅಲ್ಲ, ಕಾಡುಹಂದಿಗಂತೂ ಲೆಕ್ಕವೇ ಇಲ್ಲ. ರಾಗಿ, ಮುಸುಕಿನ ಜೋಳ, ಬಾಳೆ, ಕೋಸು ಇರುವ ಕಡೆ ರಾತ್ರಿ ಕಾವಲು ಇದ್ದೇ ಇರುತ್ತದೆ. ತಲೆಗೆ ಕಟ್ಟುವ ಟಾರ್ಚು, ದೂರಕ್ಕೆ ಬೆಳಕು ಬಿಡುವ ಕೈ ಟಾರ್ಚು, ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್, ಸೋಲಾರ್ ಬೇಲಿಯ ಬ್ಯಾಟರಿ, ಇವೆಲ್ಲ ಸೇರಿದರೆ ಒಂದು ಸಾಧಾರಣ ರೈತನ ಮನೆಯಲ್ಲಿ ಹದಿನೈದು ಇಪ್ಪತ್ತು ಸೆಲ್ಲುಗಳು ಇರುವುದು ಆಶ್ಚರ್ಯವಲ್ಲ. ಅವುಗಳಿಗೆ ಚಾರ್ಜು ಹಾಕುವ ಜಾಗವಾದರೂ ಯಾವುದು? ಮಂಚದ ಪಕ್ಕ, ಅಟ್ಟದ ಮೇಲೆ, ಹುಲ್ಲು ತುಂಬಿದ ಕೊಟ್ಟಿಗೆಯ ಗೋಡೆಯಲ್ಲಿ.

ಒಂದು ನೊಗದ ಎತ್ತುಗಳು

ಟಾರ್ಚಿನಲ್ಲಿ ಹೆಚ್ಚಾಗಿ ಬರುವ ಲಿಥಿಯಂ ಸೆಲ್ಲಿಗೆ 18650 ಎಂದು ಹೆಸರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದಷ್ಟೇ ಅದರ ಅರ್ಥ. ಈ ಬಗೆಯ ಸೆಲ್ಲನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ, 1991ರಲ್ಲಿ. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹಳೆಯ ಸೆಲ್ಲು ಒಂದೂವರೆ ವೋಲ್ಟ್ ಕೊಟ್ಟರೆ ಇದು 3.7 ವೋಲ್ಟ್ ಕೊಡುತ್ತದೆ. ಪೂರ್ತಿ ತುಂಬಿದಾಗ 4.2. ಅದಕ್ಕಿಂತ ಮೇಲೆ ತುಂಬಿಸುವಂತಿಲ್ಲ, ಸುಮಾರು 2.5ಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಈ ಮೇಲಿನ ಗೆರೆ ಕೆಳಗಿನ ಗೆರೆಗಳ ನಡುವೆ ಇರುವಷ್ಟು ಕಾಲ ಅದು ಸಾಧು ಪ್ರಾಣಿ.

ಒಂದೇ ಸೆಲ್ಲು ಇದ್ದರೆ ಈ ಗೆರೆಗಳನ್ನು ಕಾಯುವುದು ಸುಲಭ. ಎರಡು ಮೂರು ಸೇರಿದಾಗಲೇ ತೊಂದರೆ ಶುರು. ಒಂದರ ಹಿಂದೆ ಒಂದು ಸೆಲ್ಲು ಜೋಡಿಸಿದರೆ ವೋಲ್ಟೇಜು ಕೂಡುತ್ತದೆ, ಆದರೆ ಎಲ್ಲ ಸೆಲ್ಲುಗಳ ಮೂಲಕ ಹರಿಯುವ ವಿದ್ಯುತ್ತು ಒಂದೇ. ಒಂದು ನೊಗಕ್ಕೆ ಬಲವಾದ ಎತ್ತನ್ನೂ ಬಡಕಲು ಎತ್ತನ್ನೂ ಕಟ್ಟಿದಂತೆ ಇದು. ಬಡಕಲು ಎತ್ತು ಕುಸಿದರೂ ಬಲವಾದದ್ದು ನಿಲ್ಲುವುದಿಲ್ಲ, ಎಳೆದುಕೊಂಡೇ ಹೋಗುತ್ತದೆ. ಹಳೆಯ ಸೆಲ್ಲು ಮೊದಲು ಬರಿದಾಗುತ್ತದೆ. ಹೊಸ ಸೆಲ್ಲಿನಲ್ಲಿ ಇನ್ನೂ ಶಕ್ತಿ ಇರುವುದರಿಂದ ಟಾರ್ಚು ಉರಿಯುತ್ತಲೇ ಇರುತ್ತದೆ. ಬರಿದಾದ ಸೆಲ್ಲು ತನ್ನ ಕೆಳಗಿನ ಗೆರೆ ದಾಟಿ, ಕೊನೆಗೆ ಪ್ಲಸ್ಸು ಮೈನಸ್ಸು ತಿರುಗುಮುರುಗಾಗುವ ಮಟ್ಟಕ್ಕೂ ಹೋಗುತ್ತದೆ. ಹಾಗೆ ತೀರಾ ಇಳಿದ ಸೆಲ್ಲಿನ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜು ಮಾಡುವಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು, ಬೇರೆಬೇರೆಯಾಗಿ ಇರಬೇಕಾದ ಎರಡು ಪದರಗಳನ್ನು ಮುಟ್ಟಿಸುತ್ತದೆ. ಆ ಮೇಲೆ ಒಳಗೇ ಶಾರ್ಟ್ ಆಗುತ್ತದೆ. ಹೊರಗಿನಿಂದ ನೋಡಿದರೆ ಸೆಲ್ಲು ಚೆನ್ನಾಗಿಯೇ ಕಾಣುತ್ತದೆ.

ಅಕ್ಕಪಕ್ಕ ಜೋಡಿಸಿದ ಸೆಲ್ಲುಗಳಲ್ಲಿ ಅಪಾಯ ಇನ್ನೊಂದು ಬಗೆ. ತುಂಬಿದ ಸೆಲ್ಲನ್ನೂ ಖಾಲಿ ಸೆಲ್ಲನ್ನೂ ಪಕ್ಕಪಕ್ಕ ಹಾಕಿದ ಕ್ಷಣವೇ, ತುಂಬಿದ ಕೆರೆಯಿಂದ ಬರಿದಾದ ಕೆರೆಗೆ ಕೋಡಿ ಒಡೆದಂತೆ, ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ವಿದ್ಯುತ್ತು ನುಗ್ಗುತ್ತದೆ. ಎರಡೂ ಕಾಯುತ್ತವೆ.

ಸೆಲ್ಲು ಕಾದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಒಳಗೆ ಪದರಗಳ ನಡುವೆ ಇರುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಸುಮಾರು 130 ಡಿಗ್ರಿಗೆ ಅದು ಕರಗುತ್ತದೆ. ಪದರಗಳು ಮುಟ್ಟಿಕೊಂಡು ಇನ್ನೂ ಕಾಯುತ್ತವೆ, ಒಳಗಿನ ದ್ರಾವಣ ಸೀಮೆಎಣ್ಣೆಯಂತೆ ಹತ್ತಿಕೊಳ್ಳುವಂಥದ್ದು, ಸಾಲದ್ದಕ್ಕೆ ಒಂದು ಪದರ ತಾನೇ ಆಮ್ಲಜನಕ ಬಿಡುತ್ತದೆ. ಆದ್ದರಿಂದಲೇ ಗೋಣಿಚೀಲ ಮುಚ್ಚಿದರೂ ಈ ಬೆಂಕಿ ಆರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಸೆಲ್ಲು ಇದ್ದರೆ ಅದೂ ಕಾದು ಸಿಡಿಯುತ್ತದೆ.

ಇದು ಅಗ್ಗದ ಟಾರ್ಚಿಗೆ ಮಾತ್ರ ಬರುವ ಕಷ್ಟವೆಂದು ತಿಳಿಯಬೇಡಿ. 2013ರ ಜನವರಿ 7ರಂದು ಅಮೆರಿಕದ ಬಾಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಹೊಚ್ಚಹೊಸ ಬೋಯಿಂಗ್ 787 ವಿಮಾನದ ಬ್ಯಾಟರಿಗೆ ಬೆಂಕಿ ಹತ್ತಿತು. ಅದರಲ್ಲಿ ಇದ್ದದ್ದು ಎಂಟು ಸೆಲ್ಲು. ಒಂದು ಸೆಲ್ಲಿನೊಳಗೆ ಆದ ಶಾರ್ಟು ಉಳಿದವಕ್ಕೂ ಹರಡಿತ್ತೆಂದು ತನಿಖೆಯಲ್ಲಿ ತಿಳಿದುಬಂತು. ಅದೇ ತಿಂಗಳು ಜಪಾನಿನಲ್ಲಿ ಅದೇ ಜಾತಿಯ ಇನ್ನೊಂದು ವಿಮಾನ ಬ್ಯಾಟರಿ ತೊಂದರೆಯಿಂದ ತುರ್ತಾಗಿ ಇಳಿಯಬೇಕಾಯಿತು. ಆ ಮೇಲೆ ಏರ್ ಇಂಡಿಯಾದವೂ ಸೇರಿ ಪ್ರಪಂಚದ ಎಲ್ಲ 787 ವಿಮಾನಗಳ ಹಾರಾಟವನ್ನು ಕೆಲವು ತಿಂಗಳು ನಿಲ್ಲಿಸಿದರು. ಅಷ್ಟು ಪರೀಕ್ಷೆ ಮಾಡಿ ಕಟ್ಟಿದ ಬ್ಯಾಟರಿಯ ಗತಿ ಇದಾದರೆ, ಸಂತೆಯಲ್ಲಿ ಕೊಂಡ ಟಾರ್ಚಿನದು ಹೇಗಿರಬೇಡ?

ಮೂರು ಬಗೆಯ ‘12 ವೋಲ್ಟ್’

ಸ್ಪ್ರೇಯರಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಮೊದಮೊದಲು ಬಂದ ಬ್ಯಾಟರಿ ಸ್ಪ್ರೇಯರುಗಳಲ್ಲಿ ಹೆಚ್ಚಿನವು ಸೀಸದ ಬ್ಯಾಟರಿಯವು. ಅದರಲ್ಲೂ ಆರು ಸೆಲ್ಲುಗಳಿವೆ; ಒಂದಕ್ಕೆ 2 ವೋಲ್ಟಿನಂತೆ 12 ವೋಲ್ಟ್. ಅದು ಭಾರ; ಬೆನ್ನು ನೋಯುತ್ತದೆ. ಎರಡು ಮೂರು ವರ್ಷಕ್ಕೆ ಅದು ಸತ್ತಾಗ ರಿಪೇರಿ ಅಂಗಡಿಯಲ್ಲಿ ‘ಹಗುರವಾದ ಲಿಥಿಯಂ ಹಾಕಿಕೊಡುತ್ತೇವೆ’ ಎನ್ನುತ್ತಾರೆ. ರೈತನಿಗೂ ಸಂತೋಷ. ಹಳೆಯ ಚಾರ್ಜರು ಹೇಗೂ ಮನೆಯಲ್ಲಿದೆ, ಪಿನ್ನೂ ಹೊಂದುತ್ತದೆ, ಮೇಲೆ 12 ವೋಲ್ಟ್ ಎಂದೇ ಬರೆದಿದೆ.

ಇಲ್ಲೇ ಲೆಕ್ಕ ತಪ್ಪುವುದು. ಸಾಮಾನ್ಯ ಲಿಥಿಯಂ ಪ್ಯಾಕಿನಲ್ಲಿ ಒಂದರ ಹಿಂದೆ ಒಂದರಂತೆ ಇರುವುದು ಮೂರು ಸೆಲ್ಲು, ತಲಾ 4.2 ಎಂದರೆ ಪೂರ್ತಿ ತುಂಬಿದಾಗ 12.6 ವೋಲ್ಟ್. ಸೀಸದ ಬ್ಯಾಟರಿಯ ಚಾರ್ಜರು ಸುಮಾರು 14.4 ವೋಲ್ಟಿನವರೆಗೆ ಏರಿಸುತ್ತದೆ. 14.4ನ್ನು ಮೂರಕ್ಕೆ ಹಂಚಿ ನೋಡಿ: ಒಂದೊಂದು ಸೆಲ್ಲಿಗೆ 4.8. ಮೇಲಿನ ಗೆರೆ 4.2 ಎಂದು ಆಗಲೇ ಹೇಳಿದ್ದೇವೆ. ಪ್ಯಾಕಿನೊಳಗೆ ಸೆಲ್ಲುಗಳನ್ನು ಕಾಯುವ ಚಿಕ್ಕ ಸರ್ಕ್ಯೂಟು (ಬಿ.ಎಂ.ಎಸ್. ಎನ್ನುತ್ತಾರೆ) ಇದ್ದು, ಅದು ಸರಿಯಾಗಿ ಕೆಲಸ ಮಾಡಿದರೆ ವಿದ್ಯುತ್ತನ್ನು ಕಡಿದು ಕಾಪಾಡುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಅದನ್ನು ಹಾಕದೆ ಕಟ್ಟಿದ ಪ್ಯಾಕಾದರೆ, ಅಥವಾ ಔಷಧಿ ನೀರು ಒಳಗಿಳಿದು ಅದು ಕೆಟ್ಟಿದ್ದರೆ, ತಡೆಯುವವರು ಯಾರೂ ಇಲ್ಲ.

ಇನ್ನು ಮೂರನೆಯ ಬಗೆ ಲಿಥಿಯಂ ಐರನ್ ಫಾಸ್ಫೇಟ್. ಅದರ ಸೆಲ್ಲು 3.2 ವೋಲ್ಟಿನದು, ನಾಲ್ಕು ಸೇರಿ 12.8, ತುಂಬಿದಾಗ 14.6. ಇದು ಅಷ್ಟು ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ಬೆಲೆ ಸ್ವಲ್ಪ ಹೆಚ್ಚಾದರೂ, ಸಿಕ್ಕುವ ಕಡೆ ಇದನ್ನೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಆದರೆ ಇದಕ್ಕೂ ಇದರದೇ ಚಾರ್ಜರು ಬೇಕು. ಮೂರರ ಮೇಲೂ 12 ವೋಲ್ಟ್ ಎಂದು ಬರೆದಿರುವುದರಿಂದ ಓದಲು ಬರುವವರೂ ಮೋಸ ಹೋಗುತ್ತಾರೆ. ಪ್ಯಾಕು ಬದಲಾಯಿಸಿದ ದಿನವೇ ಅದರ ಚಾರ್ಜರನ್ನೂ ಕೊಂಡು, ಹಳೆಯದನ್ನು ಮನೆಯಿಂದ ಹೊರಗೆ ಹಾಕಿರಿ. ಹೊಸ ಚಾರ್ಜರನ್ನು ಸ್ಪ್ರೇಯರಿಗೇ ದಾರದಿಂದ ಕಟ್ಟಿಟ್ಟರೆ ಮಕ್ಕಳು ಕೈಗೆ ಸಿಕ್ಕಿದ್ದನ್ನು ಚುಚ್ಚುವ ಭಯವಿಲ್ಲ.

ಪ್ಯಾಕಿನಲ್ಲಿ ಒಂದು ಸೆಲ್ಲು ಸತ್ತಿದೆ, ಅದೊಂದನ್ನೇ ಬದಲಾಯಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಮೇಲೆ ಹೇಳಿದ ನೊಗದ ಮಾತು ಇಲ್ಲಿಗೂ ಸಲ್ಲುತ್ತದೆ. ಸೆಲ್ಲಿನ ಮೇಲೆ ನೇರವಾಗಿ ಕಾದ ಕಬ್ಬಿಣ ಇಟ್ಟು ಬೆಸುಗೆ ಹಾಕುವುದಂತೂ ಆಗಲೇಬಾರದು. ಆ ಕಾವೇ ಒಳಗಿನ ಪದರಗಳನ್ನು ಕೆಡಿಸುತ್ತದೆ. ಸ್ಪ್ರೇಯರ್ ತೊಳೆಯುವಾಗ ಬ್ಯಾಟರಿ ಇರುವ ಭಾಗಕ್ಕೆ ನೀರು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ, ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಔಷಧಿ ಡಬ್ಬಿಗಳು ಇರುವ ಕೋಣೆಯಲ್ಲಿ ಹಾಕಬೇಡಿ. ಅಲ್ಲಿ ಬೆಂಕಿ ಬಿದ್ದರೆ ಬರುವ ಹೊಗೆ ಎರಡು ಪಟ್ಟು ವಿಷ.

ಬೇಲಿಯ ಸೀಸದ ಬ್ಯಾಟರಿ ಹೀಗೆ ಸಿಡಿಯುವ ಜಾತಿಯದಲ್ಲ. ಆದರೂ ಚಾರ್ಜಾಗುವಾಗ ಜಲಜನಕ ಬಿಡುತ್ತದೆ. ಗಾಳಿಯಾಡುವ ಕಡೆ ಇಟ್ಟು, ಹತ್ತಿರ ಬೀಡಿ ಹಚ್ಚದಿದ್ದರೆ ಸಾಕು.

ಜೇಬು, ಬಿಸಿಲು, ಮಂಚ

ರಾತ್ರಿ ಕಾವಲಿಗೆ ಹೋಗುವವರು ಒಂದೆರಡು ಬಿಡಿ ಸೆಲ್ಲನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದೇ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ನಮ್ಮವರಾದರೆ ಜಪಸರವೂ ಇರುತ್ತದೆ. 18650 ಸೆಲ್ಲಿನ ಇಡೀ ಮೈಯೇ ಮೈನಸ್. ಪ್ಲಸ್ ತುದಿಗೂ ಅದರ ಅಂಚಿಗೂ ನಡುವೆ ಇರುವುದು ತೆಳ್ಳನೆಯ ಒಂದು ಬಳೆ, ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ ಮಾತ್ರ. ಹೊದಿಕೆ ಹರಿದಿದ್ದರೆ ಒಂದು ರೂಪಾಯಿ ನಾಣ್ಯವಾಗಲಿ, ಜಪಸರದ ಲೋಹದ ಸರಪಳಿಯಾಗಲಿ ಎರಡನ್ನೂ ಮುಟ್ಟಿಸಲು ಸಾಕು. ಸರಪಳಿ ಕೆಂಪಗೆ ಕಾದು ತೊಡೆ ಸುಡುತ್ತದೆ, ಸೆಲ್ಲು ಬಿಸಿಯಾಗಿ ಸಿಡಿಯಲೂಬಹುದು. ಬಿಡಿ ಸೆಲ್ಲಿಗೆ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಸಿಗದಿದ್ದರೆ ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೇರೆ ಏನೂ ಇಲ್ಲದ ಜೇಬಿನಲ್ಲಿಡಿ. ಹೊದಿಕೆ ಹರಿದ ಸೆಲ್ಲು, ಉಬ್ಬಿದ ಸೆಲ್ಲು, ತಗ್ಗು ಬಿದ್ದ ಸೆಲ್ಲು ಮನೆಯಲ್ಲಿ ಇರಲೇಬಾರದು.

ಎರಡು ಸೆಲ್ಲಿನ ಟಾರ್ಚಾದರೆ ಎರಡನ್ನೂ ಒಂದೇ ದಿನ, ಒಂದೇ ಕಂಪನಿಯದು ಕೊಂಡು, ಪೆನ್ನಿನಿಂದ ಎರಡರ ಮೇಲೂ ‘ಅ’ ಎಂದೂ ತಿಂಗಳನ್ನೂ ಬರೆಯಿರಿ. ಮುಂದಿನ ಜೋಡಿಗೆ ‘ಆ’. ಕೊನೆಯವರೆಗೆ ಅವು ಒಟ್ಟಿಗೇ ಉರಿಯಲಿ, ಒಟ್ಟಿಗೇ ಚಾರ್ಜಾಗಲಿ, ಒಂದು ಕೆಟ್ಟ ದಿನ ಎರಡೂ ಮನೆ ಬಿಡಲಿ. ಎಲೆಕ್ಟ್ರಿಕ್ ಕೆಲಸದವರ ಹತ್ತಿರ ಇರುವ ಮೀಟರಿನಲ್ಲಿ ನೋಡಿಸಿದರೆ ತಿಳಿಯುತ್ತದೆ. ತುಂಬಿಸಿ ಒಂದು ರಾತ್ರಿ ಬಿಟ್ಟ ಮೇಲೆ ಎರಡೂ 4.1ರಿಂದ 4.2ರ ಒಳಗೆ ಇರಬೇಕು. ಒಂದು ಅಲ್ಲೇ ನಿಂತು ಇನ್ನೊಂದು ಕೆಳಗೆ ಜಾರಿದ್ದರೆ ಆ ಜೋಡಿ ಮುಗಿಯಿತು. 2.5ಕ್ಕಿಂತ ಕೆಳಗಿಳಿದ ಸೆಲ್ಲಿಗೆ ತಂತಿ ಮುಟ್ಟಿಸಿ ‘ಎಬ್ಬಿಸುವ’ ವಿದ್ಯೆಯನ್ನು ಕೆಲವು ಹುಡುಗರು ಕಲಿತಿದ್ದಾರೆ. ಸತ್ತದ್ದನ್ನು ಎಬ್ಬಿಸುವ ಈ ಪವಾಡ ನಮಗೆ ಬೇಡ.

ಕೊಳ್ಳುವಾಗಲೂ ಕಣ್ಣಿಟ್ಟು ನೋಡಬೇಕು. ಸೆಲ್ಲಿನ ಮೇಲೆ 6800, 9900 ಎಂ.ಎ.ಎಚ್. ಎಂದು ಅಚ್ಚಾಗಿದ್ದರೆ ಅದು ಸುಳ್ಳು. ಈ ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ಲೇ ಸುಮಾರು 3500ರ ಆಸುಪಾಸು. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲಿಗೆ ಹೊಸ ಹೊದಿಕೆ ತೊಡಿಸಿ ಮಾರುವುದೂ ಉಂಟು. ತಕ್ಕಡಿಯಲ್ಲಿಟ್ಟರೆ ನಿಜವಾದದ್ದು 45ರಿಂದ 50 ಗ್ರಾಮ್ ತೂಗುತ್ತದೆ. ತೀರಾ ಹಗುರವಾಗಿದ್ದರೆ ಅನುಮಾನಿಸಿ. ಭಾರತೀಯ ಮಾನಕ ಸಂಸ್ಥೆಯ ಗುರುತು, ಐ.ಎಸ್. 16046 ಎಂಬ ಸಂಖ್ಯೆ ಇದೆಯೇ ಎಂದು ನೋಡಿ. ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಸೆಲ್ಲಿಗೆ ಅದು ಕಡ್ಡಾಯ.

ಚಾರ್ಜು ಹಾಕುವ ಹೊತ್ತು ಹಗಲು. ಮನೆಯಲ್ಲಿ ಯಾರಾದರೂ ಎಚ್ಚರವಾಗಿ ಇರುವಾಗ. ಹಗಲು ಕರೆಂಟು ಇಲ್ಲದಿದ್ದರೆ ಸಂಜೆಯ ಜಪಸರಕ್ಕೆ ಮುಂಚೆ ಹಾಕಿ, ಮಲಗುವ ಮುಂಚೆ ತೆಗೆಯಿರಿ. ಸಿಮೆಂಟು ನೆಲ ಅಥವಾ ಕಲ್ಲು ಚಪ್ಪಡಿಯ ಮೇಲೆ ಇಡಿ. ಹಾಸಿಗೆ, ಹುಲ್ಲು, ಗೋಣಿಚೀಲಗಳ ಹತ್ತಿರ ಬೇಡ. ಬಾಗಿಲ ದಾರಿಯಲ್ಲೂ ಬೇಡ, ಹೊತ್ತಿಕೊಂಡರೆ ಮನೆಯವರು ಹೊರಗೆ ಬರುವ ದಾರಿಯೇ ಕಟ್ಟಿಹೋಗುತ್ತದೆ. ಕೊಟ್ಟಿಗೆಯಲ್ಲಿ ಹಗ್ಗಕ್ಕೆ ಕಟ್ಟಿದ ದನ ಓಡಿಹೋಗಲಾರದು ಎಂಬುದೂ ನೆನಪಿರಲಿ. ಟಾರ್ಚನ್ನು ಬದುವಿನ ಮೇಲೆ ಬಿಸಿಲಿಗೆ ಬಿಡಬಾರದು. ಕ್ರಿಸ್ಮಸ್ ಹತ್ತಿರ ಬಂದಾಗ ಗೋದಲಿಯ ಹುಲ್ಲಿನೊಳಗೆ ಬ್ಯಾಟರಿ ಅಡಗಿಸಿ ದೀಪ ಉರಿಸುವ ಯುವಕರಿಗೂ ಇದೇ ಮಾತು. ಬ್ಯಾಟರಿ ಗೋದಲಿಯ ಹೊರಗಿರಲಿ, ತಂತಿ ಮಾತ್ರ ಒಳಗೆ ಹೋಗಲಿ.

2022ರ ಮಾರ್ಚ್‌ನಲ್ಲಿ ನಮ್ಮ ತಮಿಳುನಾಡಿನ ವೇಲೂರಿನಲ್ಲಿ, ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ವಿದ್ಯುತ್ ಸ್ಕೂಟರಿಗೆ ಬೆಂಕಿ ಹತ್ತಿ ತಂದೆ ಮಗಳು ತೀರಿಕೊಂಡರು. ಅವರನ್ನು ಕೊಂದದ್ದು ಉರಿಯಲ್ಲ, ಹೊಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಿಕಂದರಾಬಾದಿನ ಒಂದು ವಸತಿಗೃಹದ ಕೆಳಗಿದ್ದ ವಿದ್ಯುತ್ ಸ್ಕೂಟರ್ ಅಂಗಡಿಯಲ್ಲಿ ಎದ್ದ ಬೆಂಕಿಯಿಂದ 8 ಜನ ಸತ್ತರು. ಸ್ಕೂಟರಿನ ಬ್ಯಾಟರಿ ಎಂದರೆ ಟಾರ್ಚಿನಂಥವೇ ಹತ್ತಾರು, ನೂರಾರು ಸೆಲ್ಲುಗಳ ಕಟ್ಟು.

ಹೊಗೆ ಬಿಡುವ ಕಡ್ಡಿ

ತಿರುಪ್ಪೂರು, ಕೊಯಮತ್ತೂರು, ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಕ್ಕಳಿರುವ ಮನೆಯವರಿಗೆ ಒಂದು ಮಾತು. ವೇಪ್ ಎಂದು ಕರೆಯುವ ಇ-ಸಿಗರೇಟಿನಲ್ಲಿ ಇರುವುದೂ ಇದೇ ಲಿಥಿಯಂ ಸೆಲ್ಲು. ದೊಡ್ಡ ಗಾತ್ರದವುಗಳಲ್ಲಿ ಎರಡು ಮೂರು ಜೋಡಿಸಿರುತ್ತಾರೆ. ಒಳಗಿನ ತಂತಿಯನ್ನು ಕಾಯಿಸಿ ಆವಿ ಎಬ್ಬಿಸಲು ಅದು ಟಾರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ತು ಎಳೆಯುತ್ತದೆ. ತುಂಬಿದ ಎರಡು ಸೆಲ್ಲಿನ 8.4 ವೋಲ್ಟಿಗೆ 0.4 ಓಮ್ ತಂತಿ ಹಾಕಿದರೆ 21 ಆಂಪಿಯರ್. ಟಾರ್ಚಿಗೆ ಬರುವ ಎಷ್ಟೋ ಸೆಲ್ಲುಗಳು ತಡೆಯುವುದು ಇದರ ಅರ್ಧವನ್ನೂ ಅಲ್ಲ. ಕೆಲವು ಬಗೆಯವುಗಳಲ್ಲಿ ಕಾಯುವ ಸರ್ಕ್ಯೂಟೇ ಇರುವುದಿಲ್ಲ. ಅಮೆರಿಕದಲ್ಲಿ 2018ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರ ಜನವರಿಯಲ್ಲಿ ಟೆಕ್ಸಾಸಿನಲ್ಲಿ ಒಬ್ಬ ಯುವಕ ಈ ಸಾಧನ ಸಿಡಿದು ಸತ್ತರು. ಅದು ಸಿಡಿಯುವುದು ತುಟಿಯ ಹತ್ತಿರ, ಇಲ್ಲವೇ ಪ್ಯಾಂಟಿನ ಜೇಬಿನಲ್ಲಿ.

ನಮ್ಮಲ್ಲಿ ಇದರ ಮಾರಾಟವೇ ಅಪರಾಧ. ಕರ್ನಾಟಕ 2016ರಲ್ಲೇ ನಿಷೇಧಿಸಿತು, ತಮಿಳುನಾಡು 2018ರಲ್ಲಿ. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮಾರಿದರೆ ಮೊದಲ ಸಲಕ್ಕೇ ಒಂದು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕದ್ದು ಮಾರುವ ವಸ್ತುವಿನ ಸೆಲ್ಲಿನ ಗುಣಮಟ್ಟವನ್ನು ನೋಡುವವರು ಯಾರು? ನಿಕೋಟಿನ್ನಿನ ಕೆಡುಕು ಬೇರೆ ಇದೆ. ಅದಕ್ಕೆ ಒಂದು ಪ್ರತ್ಯೇಕ ಲೇಖನವೇ ಬೇಕು.

ಹೊತ್ತಿಕೊಂಡರೆ

ಸಿಡಿಯುವ ಮುಂಚೆ ಸಾಮಾನ್ಯವಾಗಿ ಸೆಲ್ಲು ಸೂಚನೆ ಕೊಡುತ್ತದೆ: ಮುಟ್ಟಲಾಗದ ಬಿಸಿ, ಸಿಹಿ ಮಿಶ್ರಿತ ರಾಸಾಯನಿಕ ವಾಸನೆ, ಬುಸ್ಸೆನ್ನುವ ಸದ್ದು. ಕೈಯಲ್ಲಿದ್ದರೆ ಬಯಲು ನೆಲಕ್ಕೆ ಎಸೆದು ದೂರ ಸರಿಯಿರಿ. ಚಾರ್ಜಿನಲ್ಲಿದ್ದರೆ, ಹತ್ತಿರ ಹೋಗಲು ಸಾಧ್ಯವಾದರೆ ಮಾತ್ರ, ಮೊದಲು ಮೈನ್ ಸ್ವಿಚ್ ಆರಿಸಿ. ಮಕ್ಕಳು, ಮುದುಕರನ್ನು ಹೊರಗೆ ಕಳಿಸಿ. ಕರೆಂಟು ನಿಂತಿದೆಯೆಂದು ಖಚಿತವಾದ ಮೇಲೆ ದೂರದಿಂದ ಧಾರಾಳವಾಗಿ ನೀರು ಹಾಕಿ. ಒಂದು ಚೊಂಬಲ್ಲ, ಕೊಡಗಟ್ಟಲೆ. ನೀರು ಇಲ್ಲಿ ಮಾಡುವ ಕೆಲಸ ತಣ್ಣಗೆ ಮಾಡುವುದು, ಪಕ್ಕದ ಸೆಲ್ಲಿಗೆ ಕಾವು ಹರಡದಂತೆ ತಡೆಯುವುದು. ಆರಿತೆಂದು ಕೈಗೆತ್ತಿಕೊಳ್ಳಬೇಡಿ, ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಸ್ಪ್ರೇಯರಿನ ಅಥವಾ ಸ್ಕೂಟರಿನ ಪ್ಯಾಕು ಮನೆಯೊಳಗೆ ಉರಿಯುತ್ತಿದ್ದರೆ ವಸ್ತುಗಳ ಆಸೆ ಬಿಟ್ಟು ಹೊರಗೆ ಬನ್ನಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ಉಗ್ರ ವಿಷಾನಿಲವಿರುತ್ತದೆ.

ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಉಂಗುರ, ಬಳೆ, ಗಡಿಯಾರವನ್ನು ಊತ ಬರುವ ಮುಂಚೆ ತೆಗೆಯಿರಿ. ಪೇಸ್ಟು, ಇಂಕು, ತುಪ್ಪ, ಅರಿಶಿನ, ಸಗಣಿ ಯಾವುದೂ ಬೇಡ. ಸೆಲ್ಲಿನ ದ್ರಾವಣ ಕಣ್ಣಿಗೆ ಹಾರಿದ್ದರೆ ಕಣ್ಣು ತೆರೆದಿಟ್ಟು 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ತೊಳೆಯಿರಿ. ಹೊಗೆ ಕುಡಿದವರು ಆಗ ಚೆನ್ನಾಗಿಯೇ ಕಂಡರೂ ಕೆಲವು ಗಂಟೆಗಳ ಮೇಲೆ ಉಸಿರಾಟ ಕಷ್ಟವಾಗಬಹುದು. ಅದೇ ದಿನ ವೈದ್ಯರಿಗೆ ತೋರಿಸಿ. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನು ಮಾಡಿ. ದಿಂಬಂ ಘಟ್ಟದ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುವುದೋ, ಚಾಮರಾಜನಗರದ ಕಡೆಗೆ ಹೋಗುವುದೋ ಎಂದು ಆಂಬುಲೆನ್ಸಿನವರನ್ನೇ ಕೇಳಿ.

ಕೊನೆಯದಾಗಿ, ಸತ್ತ ಸೆಲ್ಲುಗಳ ವಿಷಯ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲ ಸೇರುತ್ತವೆ, ಒಲೆಗೆ ಹಾಕಿದರೆ ಸಿಡಿಯುತ್ತವೆ, ಹಳ್ಳಕ್ಕೆ ಎಸೆದರೆ ದನ ಕುಡಿಯುವ ನೀರು ಕೆಡುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಸೀಸದ ಬ್ಯಾಟರಿಯನ್ನು ಅಂಗಡಿಯವರು ಬೆಲೆ ಕಟ್ಟಿ ತೆಗೆದುಕೊಳ್ಳುತ್ತಾರೆ. ಲಿಥಿಯಂ ಸೆಲ್ಲಿಗೆ ನಾವಾಗಿ ಕೇಳಬೇಕು. ಅಲ್ಲಿಯವರೆಗೆ ಎರಡೂ ತುದಿಗೆ ಟೇಪು ಅಂಟಿಸಿ, ಒಣ ಮರಳು ತುಂಬಿದ ಮಣ್ಣಿನ ಕುಡಿಕೆಯಲ್ಲಿ ಹೂತು, ಮಳೆ ಬೀಳದ, ಮಕ್ಕಳ ಕೈಗೆಟುಕದ, ಮನೆಗೂ ಹುಲ್ಲಿನ ಮೆದೆಗೂ ದೂರವಾದ ಜಾಗದಲ್ಲಿ ಇಟ್ಟು, ಪೇಟೆಗೆ ಹೋಗುವ ದಿನ ಜೊತೆಗೆ ಒಯ್ಯಿರಿ.